ಬಿಡುಗಡೆ ಕಾಣದ ದನಿಗಳು

ತುಮಕೂರಿನಿಂದ ಉತ್ತರಕ್ಕೆ ಹೊರಟ ಪ್ರಯಾಣಿಕನು ಕೊರಟಗೆರೆಯನ್ನು ದಾಟಿ ಮುಂದೆ ಸಾಗುತ್ತಿದ್ದಂತೆ, ಬಯಲಿನ ನಡುವೆ ಒಂದೇ ಒಂದು ಬಂಡೆ ಮೇಲೆದ್ದು ಆಕಾಶಕ್ಕೆ ಎದೆಗೊಟ್ಟು ನಿಂತಿರುವುದನ್ನು ಕಾಣುತ್ತಾನೆ. ಅದೇ ಮಧುಗಿರಿ. ಸಮುದ್ರಮಟ್ಟದಿಂದ ಸುಮಾರು ೩,೯೦೦ ಅಡಿ ಎತ್ತರದ ಈ ಬೆಟ್ಟವನ್ನು ಏಷ್ಯಾಖಂಡದ ಬಹು ದೊಡ್ಡ ಏಕಶಿಲೆಗಳಲ್ಲಿ ಒಂದೆಂದು ಎಣಿಸುವುದುಂಟು. ಹಿಂದೆ ಇದಕ್ಕೆ ಮದ್ದಗಿರಿ ಎಂಬ ಹೆಸರಿತ್ತು. ಟಿಪ್ಪುವಿನ ಕಾಲದಲ್ಲಿ ಕೆಲವು ದಿನ ಫತೇಹಾಬಾದ್ ಎನಿಸಿಕೊಂಡಿತು. ಬಂಡೆಯ ಪಕ್ಕೆಗಳಲ್ಲಿ ಜೇನು ಕಟ್ಟುವುದರಿಂದ ಮಧುಗಿರಿಯಾಯಿತೆಂದು ಊರವರು ಹೇಳುತ್ತಾರೆ. ಹೆಸರಿನಲ್ಲಿರುವ ಈ ಸವಿಯನ್ನು ನೆಚ್ಚಿಕೊಂಡು ಬೆಟ್ಟವನ್ನು ಹತ್ತಹೊರಟವರಿಗೆ ಅರ್ಧ ದಾರಿಯಲ್ಲಿಯೇ ಉಸಿರು ಕಟ್ಟುತ್ತದೆ. ಕಲ್ಲಿನಲ್ಲಿ ಕಡಿದ ಹೆಜ್ಜೆಗುಳಿಗಳನ್ನು ನಂಬಿ, ಕಂಬಿಯನ್ನು ಹಿಡಿದು, ಗಾಳಿಗೆ ಬೆನ್ನು ಬಾಗಿಸಿ ಏರಬೇಕು.

ಮೇಲಿನ ಕೋಟೆಯ ಬಾಗಿಲಿನಲ್ಲಿ ಕುಳಿತರೆ ಕೆಳಗೆ ವೆಂಕಟರಮಣ, ಮಲ್ಲೇಶ್ವರ ದೇವಾಲಯಗಳ ಗೋಪುರಗಳು ಆಟಿಕೆಗಳಂತೆ ಕಾಣುತ್ತವೆ. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರಪಿನಾಕಿನಿಯನ್ನು ಸೇರುವ ಜಯಮಂಗಲಿಯ ಜಾಡು ಮರಳಿನ ಒಂದು ಬಿಳಿ ಗೆರೆಯಾಗಿ ಹರಿಯುತ್ತದೆ. ಆಚೆ ಮೈದನಹಳ್ಳಿಯ ಕಡೆಗೆ ಕೃಷ್ಣಮೃಗಗಳು ಮೇಯುವ ಹುಲ್ಲುಗಾವಲು. ೨೦೦೭ರಿಂದ ಅದು ರಕ್ಷಿತ ಪ್ರದೇಶವಾಗಿದೆ. ಉಳಿದುದೆಲ್ಲ ನೆಲಗಡಲೆ, ರಾಗಿ, ಹುಣಸೆ, ಮತ್ತು ಮಳೆಗಾಗಿ ಕಾಯುವ ಕೆಂಪು ನೆಲ.

ಈ ಕೋಟೆಗೆ ಒಂದು ದುಃಖದ ಕಥೆ ಉಂಟು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರನನ್ನೂ ತಂದು ಸೆರೆಯಿಟ್ಟದ್ದು ಇಲ್ಲಿಯೇ. ೧೭೬೭ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯವು ಕೋಟೆಯನ್ನು ಹಿಡಿದು ಅವರನ್ನು ಬಿಡಿಸಿತು. ಆದರೆ ಮಲೆನಾಡಿನ ಆ ರಾಣಿ ಪುಣೆಯನ್ನು ಸೇರಲಿಲ್ಲ. ಹಾದಿಯಲ್ಲಿಯೇ ತೀರಿಕೊಂಡಳೆಂದು ಇತಿಹಾಸ ಹೇಳುತ್ತದೆ. ಬಿಡುಗಡೆ ಬಂದಿತು, ಬಂದಾಗ ಹೊತ್ತು ಮೀರಿತ್ತು.

“ಬಿಡುಗಡೆ” ಎಂಬ ಈ ಮಾತು ನಮ್ಮ ಭಾಷೆಯಲ್ಲಿ ಎರಡು ಕೆಲಸ ಮಾಡುತ್ತದೆ. ಸೆರೆಯಾಳಿಗೂ ಬಿಡುಗಡೆ, ಹಾಡಿನ ತಟ್ಟೆಗೂ ಬಿಡುಗಡೆ. ಒಂದು ದನಿಯನ್ನು ಯಂತ್ರದಲ್ಲಿ ಹಿಡಿದಿಟ್ಟು ಲೋಕಕ್ಕೆ ಕೊಡದೆ ಹೋದರೆ ಅದೂ ಒಂದು ಬಗೆಯ ಸೆರೆಯೇ ಅಲ್ಲವೆ? ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ನಾನು ಮಧುಗಿರಿ, ಶಿರಾ, ಪಾವಗಡ ಸೀಮೆಗಳನ್ನು ಒಂದು ಬೇಸಗೆಯ ರಜೆಯಲ್ಲಿ ಸುತ್ತಿದೆನು. ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಾವ್ಯವನ್ನು ಗಣೆಯ ದನಿಯೊಡನೆ ಕೇಳಬೇಕೆಂಬುದು ನನ್ನ ಉದ್ದೇಶವಾಗಿತ್ತು.

ವಿಷಯ ಎಲ್ಲಿಗೋ ಹೋಯಿತೆಂದು ವಾಚಕರು ಭಾವಿಸದಿದ್ದರೆ, ಹಟ್ಟಿಗೆ ಹೋಗುವ ಮುನ್ನ ಸಮುದ್ರದಾಚೆಯ ನಾಲ್ವರು ತರುಣರ ಮಾತನ್ನು ಇಲ್ಲಿ ಹೇಳಬೇಕಾಗಿದೆ. ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ಬಂದರಿನ ಬೀಟಲ್ಸ್ ತಂಡದ ಹೆಸರನ್ನು ಕೇಳದವರು ಕಡಿಮೆ. ೧೯೬೨ರ ಜನವರಿ ೧ರಂದು ಈ ಹುಡುಗರು ಲಂಡನ್ನಿನ ಡೆಕ್ಕಾ ಕಂಪೆನಿಯ ಮುಂದೆ ಪರೀಕ್ಷೆಗಾಗಿ ೧೫ ಹಾಡುಗಳನ್ನು ಹಾಡಿದರು, ಕಂಪೆನಿಯವರು ಬೇಡವೆಂದರು. ಬೇಡವೆಂದ ಆ ಹಾಡುಗಳಲ್ಲಿ ಐದು, ೩೩ ವರ್ಷಗಳಾದ ಮೇಲೆ, ೧೯೯೫ರಲ್ಲಿ ಅಧಿಕೃತವಾಗಿ ಹೊರಬಂದು ಲಕ್ಷಗಟ್ಟಲೆ ಮನೆಗಳನ್ನು ಸೇರಿದವು.

ಈ ತಂಡಕ್ಕೂ ನಮ್ಮ ದೇಶಕ್ಕೂ ಇರುವ ನಂಟು ಪ್ರಸಿದ್ಧವಾದುದು. ೧೯೬೮ರ ಜನವರಿಯಲ್ಲಿ ಅವರಲ್ಲೊಬ್ಬನಾದ ಜಾರ್ಜ್ ಹ್ಯಾರಿಸನ್ ಮುಂಬಯಿಗೆ ಬಂದು, ನಾಯಿಯ ಗುರುತಿನ ಎಚ್.ಎಂ.ವಿ. ಸ್ಟುಡಿಯೋದಲ್ಲಿ ನಮ್ಮ ವಾದ್ಯಗಾರರನ್ನು ಕೂಡಿಸಿ ಮುದ್ರಣ ನಡೆಸಿದನು. ಅಲ್ಲಿ ಸಿದ್ಧವಾದ “ದಿ ಇನ್ನರ್ ಲೈಟ್” ಎಂಬ ಹಾಡಿನಲ್ಲಿ ಆಶೀಷ್ ಖಾನರ ಸರೋದ್, ಮಹಾಪುರುಷ ಮಿಶ್ರರ ಪಖಾವಾಜ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು ಕೇಳಿಬರುತ್ತವೆ. ಅದೇ ಹಾಡಿನ ಇನ್ನೊಂದು ಪ್ರಯತ್ನ, ಅಂದು ಪಕ್ಕಕ್ಕಿಟ್ಟದ್ದು, ೨೦೧೪ರಲ್ಲಿ ಬೆಳಕು ಕಂಡಿತು. ಮುಂದಿನ ತಿಂಗಳು ನಾಲ್ವರೂ ಹೃಷೀಕೇಶದಲ್ಲಿ ಮಹರ್ಷಿ ಮಹೇಶ ಯೋಗಿಯವರ ಆಶ್ರಮವನ್ನು ಸೇರಿದರು. ಗಂಗೆಯ ದಡದಲ್ಲಿ ಕಟ್ಟಿದ ಹಾಡುಗಳನ್ನು ಹೊತ್ತು ಊರಿಗೆ ಮರಳಿ, ಮೇ ತಿಂಗಳಲ್ಲಿ ಹ್ಯಾರಿಸನ್ನನ ಮನೆಯಲ್ಲಿಯೇ ಒಂದು ಟೇಪು ಯಂತ್ರವನ್ನಿಟ್ಟುಕೊಂಡು ೨೭ ಹಾಡುಗಳ ಕರಡನ್ನು ಹಿಡಿದರು. ಗೀಟಾರು, ನಗೆ, ಕೈಚಪ್ಪಾಳೆ ಎಲ್ಲವೂ ಅದರಲ್ಲಿವೆ. ಐವತ್ತು ವರ್ಷ ಕಳೆದು ೨೦೧೮ರಲ್ಲಿ ಆ ಕರಡುಗಳೆಲ್ಲ ಒಟ್ಟಾಗಿ ಮಾರಾಟಕ್ಕೆ ಬಂದವು.

ಆ ಕರಡುಗಳಲ್ಲೊಂದು ಹೃಷೀಕೇಶದ ದಾರಿಯನ್ನು ಕುರಿತದ್ದು. ಜಾನ್ ಲೆನನ್ ಅದರ ಮಾತುಗಳನ್ನು ತೆಗೆದುಹಾಕಿ ಧಾಟಿಯನ್ನು ಮಾತ್ರ ಉಳಿಸಿಕೊಂಡು ೧೯೭೧ರಲ್ಲಿ “ಜೆಲಸ್ ಗೈ” ಎಂಬ ಬೇರೆಯೇ ಹಾಡನ್ನಾಗಿ ಮಾಡಿದನು. ಕರಡು ಉಳಿಯದಿದ್ದರೆ ಒಂದು ಹಾಡಿನೊಳಗೆ ಇನ್ನೊಂದು ಹಾಡು ಅಡಗಿರುವುದು ಯಾರಿಗೂ ತಿಳಿಯುತ್ತಿರಲಿಲ್ಲ. ೧೯೬೭ರ ಜನವರಿ ೫ರಂದು ಮುದ್ರಿಸಿದ, ಹದಿಮೂರು ನಿಮಿಷಕ್ಕೂ ಮೀರಿದ “ಕಾರ್ನಿವಲ್ ಆಫ್ ಲೈಟ್” ಎಂಬ ಒಂದು ತುಣುಕು ಇಂದಿಗೂ ಬಿಡುಗಡೆಯಾಗಿಲ್ಲ. ಅದಕ್ಕಾಗಿ ಹಂಬಲಿಸುವವರಿಗೆ ಲೆಕ್ಕವಿಲ್ಲ. ಮಾರ್ಕ್ ಲೂಯಿಸನ್ ಎಂಬ ವಿದ್ವಾಂಸನು ೧೯೮೮ರಲ್ಲಿ ಒಂದು ಗ್ರಂಥವನ್ನೇ ಹೊರತಂದನು. ಯಾವ ದಿನ, ಯಾವ ಕೊಠಡಿ, ಎಷ್ಟನೆಯ ಪ್ರಯತ್ನ, ಯಾರ ಕೈಯಲ್ಲಿ ಯಾವ ವಾದ್ಯ—ಎಲ್ಲವೂ ಅದರಲ್ಲಿ ದಾಖಲಾಗಿವೆ. ನಮ್ಮ ಪಂಡಿತರು ಪಂಪನ ಪಾಠಾಂತರಗಳನ್ನು ಜೋಡಿಸಿದ ಶ್ರದ್ಧೆ ಅಲ್ಲಿದೆ. ಇದನ್ನು ಹಗುರವಾಗಿ ನೋಡಬಾರದು.

ಅದೇ ೧೯೬೮ರಲ್ಲಿ ನಮ್ಮ ಮೈಸೂರಿನಲ್ಲಿಯೂ ಒಂದು ಒಳ್ಳೆಯ ಕೆಲಸ ನಡೆಯಿತು. ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಆರಂಭವಾದುದು ಆಗ. ದೇ. ಜವರೇಗೌಡರ ಬೆಂಬಲ, ಜೀ.ಶಂ. ಪರಮಶಿವಯ್ಯನವರ ಮತ್ತು ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರ ಶ್ರಮ ಅದರ ಹಿಂದಿದ್ದವು. ಊರೂರು ಅಲೆದು ಹಾಡು ಸಂಗ್ರಹಿಸುವ ಹುರುಪು ಆ ಕಾಲದ ತರುಣ ಅಧ್ಯಾಪಕರಲ್ಲಿ ಎಲ್ಲೆಲ್ಲಿಯೂ ಮೂಡಿತು. ಕೆಲವರು ನೋಟುಬುಕ್ಕನ್ನು ಒಯ್ದರು. ಅನುಕೂಲವಿದ್ದವರು ಟೇಪು ಯಂತ್ರವನ್ನು ಹೊತ್ತರು. ಮುಂದೆ ಎಚ್.ಎಲ್. ನಾಗೇಗೌಡರು ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ೧೯೯೪ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದು, ಕಲಾವಿದರ ಹಾಡನ್ನೂ ಕುಣಿತವನ್ನೂ ಅಪಾರವಾಗಿ ಮುದ್ರಿಸಿಟ್ಟರು. ಕಾಡುಗೊಲ್ಲರ ಸಂಪ್ರದಾಯಗಳನ್ನು ಕುರಿತು ತೀ.ನಂ. ಶಂಕರನಾರಾಯಣರು ಬರೆದ ಪ್ರಬಂಧವು ಈ ಸೀಮೆಗೆ ಬರುವ ಪ್ರತಿಯೊಬ್ಬ ವಿದ್ಯಾರ್ಥಿಗೂ ದಾರಿದೀಪವಾಗಿದೆ.

ಮಧುಗಿರಿಯಿಂದ ಶಿರಾಕ್ಕೆ ಬಸ್ಸಿನಲ್ಲಿ ಹೊರಟೆನು. ಶಿರಾ ಒಂದು ಕಾಲದಲ್ಲಿ ಮೊಗಲರ ಪ್ರಾಂತ್ಯದ ರಾಜಧಾನಿಯಾಗಿದ್ದ ಊರು. ೧೬೫೧ರ ಮಲಿಕ್ ರಿಹಾನನ ಗೋರಿ, ೧೬೯೬ರ ಜುಮ್ಮಾ ಮಸೀದಿ ಆ ವೈಭವದ ಕುರುಹುಗಳಾಗಿ ನಿಂತಿವೆ. ಊರಿನಿಂದಾಚೆ ಕಗ್ಗಲಡುವಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅಲ್ಲಿನ ಜನ ಅವನ್ನು ಮನೆಮಕ್ಕಳಂತೆ ಕಾಯುತ್ತಾರೆ. ಇದೇ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಜುಂಜಪ್ಪನ ಗುಡ್ಡೆ. ದನಗಾಹಿಯಾಗಿ ಬಾಳಿ ದೇವರಾದ ವೀರನ ನೆಲೆ ಅದು. ತಾಯಿ ಚಿನ್ನಮ್ಮ, ಹಗೆ ಸಾಧಿಸುವ ಸೋದರಮಾವಂದಿರು, ಮಾತು ತಿಳಿಯುವ ಮಗನಂತೆ ಜೊತೆಗಿರುವ ಬಡಮೈಲಾರಿ ಎಂಬ ಎತ್ತು—ಈ ಕಥೆಯನ್ನು ಗಣೆಗಾರರು ರಾತ್ರಿಯಿಡೀ ಹಾಡುತ್ತಾರೆ. ಅರಮನೆಯ ನೆರಳು ಬೀಳದ ಕಾವ್ಯವಿದು. ಇದರ ಸಂಪತ್ತೆಲ್ಲ ದನ, ಹುಲ್ಲು, ನೀರು.

ನಾನು ಹೋದ ಹಟ್ಟಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡಿರೆಂದು ಹಾಡಿದವರೇ ಹೇಳಿದರು. ಹಟ್ಟಿಯ ಸುತ್ತ ಹಿಂದೆ ಇದ್ದ ಮುಳ್ಳಿನ ಬೇಲಿಯ ಜಾಗದಲ್ಲಿ ಈಗ ಅಲ್ಲಲ್ಲಿ ಸಿಮೆಂಟಿನ ಗೋಡೆ ಬಂದಿದೆ. ಸಂಜೆ ಕುರಿಗಳು ಮರಳಿದ ಮೇಲೆ, ಊಟವಾಗಿ, ಎಂಬತ್ತು ದಾಟಿದ ಹಿರಿಯರೊಬ್ಬರು ಗೋಡೆಗೆ ಒರಗಿಸಿದ್ದ ಗಣೆಯನ್ನು ತೆಗೆದುಕೊಂಡರು. ಗಣೆಯೆಂದರೆ ಉದ್ದನೆಯ ಬಿದಿರ ಕೊಳಲು. ಆದರೆ ಕೊಳಲೆಂದೊಡನೆ ನಮ್ಮ ಕಿವಿ ನಿರೀಕ್ಷಿಸುವ ನಯ ಅದರಲ್ಲಿಲ್ಲ. ದೊಡ್ಡ ಬಯಲಿನಲ್ಲಿ ಗಾಳಿ ತಿರುಗುವ ಸದ್ದು, ದೂರದಲ್ಲಿ ಕರುವೊಂದು ತಾಯನ್ನು ಕರೆಯುವ ಸದ್ದು ಅದರಲ್ಲಿ ಸೇರಿಕೊಂಡಂತಿರುತ್ತದೆ. ಊದುವ ಬಾಯಿ ಹಾಡಲಾರದು, ಹಾಡುವ ಬಾಯಿ ಊದಲಾರದು. ಆದುದರಿಂದ ನಾಲ್ಕು ಮಾತು ಹಾಡಿ, ಗಣೆಯನ್ನು ಬಾಯಿಗಿಟ್ಟು, ಮತ್ತೆ ಹಾಡಿಗೆ ಬರುತ್ತಾರೆ. ಆ ನಡುವಿನ ಬಿಡುವಿನಲ್ಲಿ ಕೇಳುವವನ ಮನಸ್ಸು ಕಥೆಯನ್ನು ತಾನೇ ಮುಂದುವರಿಸಿರುತ್ತದೆ.

ಕೈಯಲ್ಲಿದ್ದ ಮೊಬೈಲನ್ನು ತೋರಿಸಿ, “ಅಜ್ಜ, ಇದರಲ್ಲಿ ಹಿಡಿದುಕೊಳ್ಳಲೆ?” ಎಂದು ಕೇಳಿದೆನು.

“ಹಿಡ್ಕಂಡು ಏನ್ ಮಾಡ್ತೀರಿ ಮೇಷ್ಟ್ರೇ?”

“ಕಾಲೇಜಿನ ಹುಡುಗರಿಗೆ ಕೇಳಿಸ್ತೀನಿ.”

“ಕೇಳ್ಸಿ. ಆದ್ರೆ ಕಡೇ ಭಾಗ ಬ್ಯಾಡ. ಅದು ಸ್ವಾಮಿ ಮುಂದೆ ಹಾಡೋದು. ಬಸ್ಸಿನಾಗೆ, ಹೋಟ್ಲಾಗೆ ಹಾಡ್ಸೋದಲ್ಲ.”

ಅವರ ಮಾತಿನಂತೆ ಆ ಭಾಗ ಬಂದಾಗ ಯಂತ್ರವನ್ನು ನಿಲ್ಲಿಸಿ ಪಕ್ಕಕ್ಕಿಟ್ಟೆನು. ಹಾಡು ಮುಗಿಯುವಾಗ ಕೋಳಿ ಕೂಗುವ ಹೊತ್ತಾಗಿತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತ ಅವರು ಹೇಳಿದ ಮಾತು ಮಾತ್ರ ನನ್ನ ಪ್ರಯಾಣದ ದಿಕ್ಕನ್ನೇ ಬದಲಿಸಿತು.

“ನಮ್ಮಣ್ಣ ನನ್ಗಿಂತ ಚೆಂದಾಗಿ ಹಾಡ್ತಿದ್ದ ಮೇಷ್ಟ್ರೇ. ನನಗಿನ್ನೂ ಮದುವೆ ಆಗಿದ್ದ ಹೊಸದು. ಯಾರೋ ಕಾಲೇಜು ಮೇಷ್ಟ್ರು ಒಂದು ಪೆಟ್ಟಿಗೆ ತಂದಿದ್ರು. ಎರಡು ಚಕ್ರ ತಿರುಗ್ತಿದ್ವು. ಎರಡು ರಾತ್ರಿ ಹಾಡಿಸ್ಕಂಡ್ರು. ಕೊನೇಲಿ ತಿರುಗ್ಸಿ ಒಂದ್ಸಲ ಕೇಳ್ಸಿದ್ರು. ಅಣ್ಣ ತನ್ನ ದನಿ ತಾನೇ ಕೇಳಿ ಮುಖ ಮುಚ್ಕಂಡ. ಅವನು ಹೋಗಿ ಇಪ್ಪತ್ತು ವರ್ಸ ಆಯ್ತು. ಆ ಪೆಟ್ಟಿಗೆ ಎಲ್ಲೈತೆ?”

ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗ, ಬೆಂಗಳೂರಿನಲ್ಲಿ ಕಾರು ಓಡಿಸುವ ತರುಣ, “ಸಾರ್, ಸಿಕ್ಕಿದ್ರೆ ನನಗೂ ಕಳ್ಸಿ. ದೊಡ್ಡಜ್ಜನ ದನಿ ನಾನು ಕೇಳೇ ಇಲ್ಲ” ಎಂದನು. ಅವನಿಗೆ ಗಣೆ ಊದಲು ಬಾರದು. ಕಲಿಯಲು ಹಟ್ಟಿಯಲ್ಲಿ ಅವನು ಇರುವುದು ವರ್ಷಕ್ಕೆ ಹತ್ತು ದಿನ.

ಅಲ್ಲಿಂದ ಮುಂದೆ ನನ್ನ ಪ್ರವಾಸವು ಬೆಟ್ಟ ಗುಡ್ಡಗಳನ್ನು ಬಿಟ್ಟು ಹಳೆಯ ಅಧ್ಯಾಪಕರ ಮನೆಗಳಿಗೂ ಕಾಲೇಜುಗಳ ಉಗ್ರಾಣಗಳಿಗೂ ತಿರುಗಿತು. ಒಂದು ಕಾಲೇಜಿನಲ್ಲಿ, ಮುರಿದ ಬೆಂಚುಗಳ ಹಿಂದೆ, ಬಿಸ್ಕತ್ತಿನ ತಗಡಿನ ಡಬ್ಬಿಯೊಂದು ದೊರೆಯಿತು. ಒಳಗೆ ಮೂರು ಟೇಪಿನ ಸುರುಳಿಗಳು. ರಟ್ಟಿನ ಮೇಲೆ ಮಾಸಿದ ಶಾಯಿಯಲ್ಲಿ “ಗೊಲ್ಲರ ಪದ, ಎರಡನೆಯ ರಾತ್ರಿ” ಎಂದಿಷ್ಟೇ ಬರೆದಿತ್ತು. ಹಾಡಿದವರ ಹೆಸರಿಲ್ಲ, ಹಟ್ಟಿಯ ಹೆಸರಿಲ್ಲ, ತಾರೀಖಿಲ್ಲ. ಬೀಟಲ್ಸರ ಒಂದೊಂದು ಕೆಮ್ಮಿಗೂ ತಾರೀಖು ಉಂಟು. ಎರಡು ರಾತ್ರಿ ನಿದ್ದೆಗೆಟ್ಟು ಹಾಡಿದ ಒಬ್ಬ ಮನುಷ್ಯನಿಗೆ ಹೆಸರೂ ಇಲ್ಲ! ಸುರುಳಿಯ ಅಂಚಿನಲ್ಲಿ ಬೂಷ್ಟು ಹತ್ತಿತ್ತು. ಬೆರಳು ತಾಕಿಸಿದರೆ ಅಂಟು.

ಇಂಥ ಟೇಪಿನ ಸ್ವಭಾವವನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಪ್ಲಾಸ್ಟಿಕ್ಕಿನ ತೆಳು ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಒಂದು ಬಗೆಯ ಅಂಟಿನಿಂದ ಲೇಪಿಸಿರುತ್ತಾರೆ. ದನಿ ಇರುವುದು ಆ ಪುಡಿಯ ಕಾಂತಶಕ್ತಿಯಲ್ಲಿ. ವರ್ಷಗಳು ಕಳೆದಂತೆ ಕೆಲವು ಬಗೆಯ ಟೇಪುಗಳಲ್ಲಿ ಅಂಟು ಗಾಳಿಯ ತೇವವನ್ನು ಹೀರಿ ಸಡಿಲವಾಗುತ್ತದೆ. ಆಗ ಆತುರಪಟ್ಟು ಯಂತ್ರಕ್ಕೆ ಹಾಕಿ ತಿರುಗಿಸಿದರೆ ಪುಡಿಯು ಯಂತ್ರದ ತಲೆಗೆ ಮೆತ್ತಿಕೊಂಡು ಪಟ್ಟಿ ಬೋಳಾಗುತ್ತದೆ. ಹಾಡು ಒಮ್ಮೆ ಕೇಳಿಸಿ ಎಂದೆಂದಿಗೂ ಇಲ್ಲವಾಗುತ್ತದೆ. ಇನ್ನು ಹಳೆಯ ಅಸಿಟೇಟ್ ಪಟ್ಟಿಯಾದರೆ ಹುಳಿಯ ವಾಸನೆ ಬೀರುತ್ತ ಸುರುಟಿಕೊಳ್ಳುತ್ತದೆ. ತಿಳಿದವರು ಮೊದಲು ಅದನ್ನು ಶುಚಿ ಮಾಡಿ, ಅಗತ್ಯವಿದ್ದರೆ ಹದವಾದ ಶಾಖದಲ್ಲಿ ಒಣಗಿಸಿ, ಒಂದೇ ಸಲಕ್ಕೆ ಗಣಕಯಂತ್ರಕ್ಕೆ ಇಳಿಸಿಕೊಳ್ಳುತ್ತಾರೆ. ಆ ಡಬ್ಬಿಯನ್ನು ಅಂಥವರ ಕೈಗೆ ಮುಟ್ಟಿಸುವ ಏರ್ಪಾಡು ನಡೆದಿದೆ. ಕಾಲೇಜಿನ ಅಪ್ಪಣೆಗಾಗಿ ಬರೆದ ಅರ್ಜಿ ಮೇಜಿನಿಂದ ಮೇಜಿಗೆ ಸಾಗುತ್ತಿದೆ. ಬೂಷ್ಟು ಅರ್ಜಿಗಾಗಿ ಕಾಯುವುದಿಲ್ಲ.

ತಂತ್ರಜ್ಞಾನದ ಕಡೆಯಿಂದ ನಿರಾಶೆಗೆ ಕಾರಣವಿಲ್ಲ. ಜಾನ್ ಲೆನನ್ ೧೯೮೦ರಲ್ಲಿ ಕೊಲೆಯಾದನಷ್ಟೆ. ಅದಕ್ಕೂ ಮೊದಲು ಮನೆಯಲ್ಲಿ ಪಿಯಾನೋ ನುಡಿಸುತ್ತ ಒಂದು ಅಗ್ಗದ ಕ್ಯಾಸೆಟ್ಟಿನಲ್ಲಿ ಹಾಡಿಟ್ಟಿದ್ದ ಕರಡಿನಲ್ಲಿ ಕಂಠವೂ ಪಿಯಾನೋವೂ ಗುಂಯ್ಗುಡುವ ಸದ್ದೂ ಕಲಸಿಹೋಗಿದ್ದವು. ಗಣಕಯಂತ್ರವು ಅದರಿಂದ ಕಂಠವೊಂದನ್ನೇ ಬಿಡಿಸಿ ಕೊಟ್ಟಿತು. ೨೦೨೩ರ ನವೆಂಬರಿನಲ್ಲಿ “ನೌ ಅಂಡ್ ದೆನ್” ಎಂಬ ಹೆಸರಿನಿಂದ ಆ ಹಾಡು ಹೊರಬಂದಿತು. ಹಾಲಿನಿಂದ ನೀರನ್ನು ಬೇರ್ಪಡಿಸುವ ಹಂಸವನ್ನು ನಮ್ಮ ಕವಿಗಳು ಕಲ್ಪಿಸಿದ್ದರು. ಈಗ ಅದು ಯಂತ್ರವಾಗಿ ಬಂದಿದೆ. ನ್ಯೂಯಾರ್ಕಿನ ಕ್ಯಾಸೆಟ್ಟಿಗೆ ಒದಗಿದ ಹಂಸ ಶಿರಾದ ಸುರುಳಿಗೆ ಒದಗಬಾರದೆಂದು ಯಾವ ನಿಯಮವೂ ಇಲ್ಲ. ಬೇಕಾದುದು ಸುರುಳಿ ಎಲ್ಲಿದೆಯೆಂಬ ಅರಿವು, ಅದರ ಮೇಲೆ ಒಂದು ಹೆಸರು.

ಕೊನೆಯ ದಿನ ಪಾವಗಡಕ್ಕೆ ಹೋದೆನು. ಮೂರು ಕಡೆ ಆಂಧ್ರದಿಂದ ಸುತ್ತುವರಿದ ಈ ತಾಲ್ಲೂಕಿನಲ್ಲಿ ಒಂದೇ ಜಗಲಿಯ ಮೇಲೆ ಕನ್ನಡ, ತೆಲುಗು ಎರಡೂ ಮಾತು ಕೇಳುತ್ತವೆ. ತಿರುಮಣಿಯ ಸುತ್ತ ಸುಮಾರು ೧೩,೦೦೦ ಎಕರೆ ನೆಲದಲ್ಲಿ ಸೌರವಿದ್ಯುತ್ತಿನ ಗಾಜಿನ ಹಲಗೆಗಳನ್ನು ಹಾಸಿದ್ದಾರೆ. ೨೦೧೯ರ ಕೊನೆಯ ಹೊತ್ತಿಗೆ ಅದು ೨,೦೫೦ ಮೆಗಾವಾಟ್ ಸಾಮರ್ಥ್ಯದ ಉದ್ಯಾನವಾಗಿ ಪೂರ್ಣಗೊಂಡಿತು. ಮಳೆ ಬಾರದ ಈ ನಾಡಿಗೆ ಬಿಸಿಲೇ ಬೆಳೆಯಾದುದು ಸಂತೋಷದ ಸಂಗತಿ. ಭೂಮಿಯಿದ್ದವರಿಗೆ ಗುತ್ತಿಗೆಯ ಹಣ ಬರುತ್ತದೆ. ಆದರೆ ಕುರಿಯ ಮಂದೆಯೊಂದನ್ನೇ ನಂಬಿದವರಿಗೆ ತಿರುಗಾಡುವ ಬಯಲು ಕಿರಿದಾಯಿತು. ಹುಲ್ಲು, ನೀರು, ದನಗಳ ನಡುವೆ ಹುಟ್ಟಿದ ಕಾವ್ಯಕ್ಕೆ ಹುಲ್ಲುಗಾವಲು ಹೋದ ಮೇಲೆ ನೆಲೆ ಯಾವುದು? ಗಣೆಯ ದನಿಯನ್ನು ಯಂತ್ರದಲ್ಲಿ ಹಿಡಿಯಬಹುದು. ಅದನ್ನು ಊದುವ ಉಸಿರನ್ನು ಹಿಡಿಯಲಾಗದು. ಅದಕ್ಕೆ ಹಟ್ಟಿ ಬದುಕಬೇಕು, ಹುಡುಗರು ವರ್ಷಕ್ಕೆ ಹತ್ತು ದಿನಕ್ಕಿಂತ ಹೆಚ್ಚು ದಿನ ಅಲ್ಲಿರುವಂತಾಗಬೇಕು.

ಹಾಗಾದರೆ ದೊರೆತುದನ್ನೆಲ್ಲ ಲೋಕಕ್ಕೆ ಬಿಡುಗಡೆ ಮಾಡುವುದೇ ಸರಿಯೆ? ಅಜ್ಜನ ಮಾತನ್ನು ಕೇಳಿದ ಮೇಲೆ ನನಗೆ ಹಾಗೆ ತೋರುವುದಿಲ್ಲ. ಬೀಟಲ್ಸರದು ಮೊದಲಿನಿಂದಲೂ ಪೇಟೆಗೆಂದೇ ಹುಟ್ಟಿದ ಹಾಡು. ಅದರ ಕರಡು ಕೂಡ ಪೇಟೆಗೆ ಬಂದರೆ ಯಾರಿಗೂ ನಷ್ಟವಿಲ್ಲ. ಜುಂಜಪ್ಪನ ಪದದಲ್ಲಿ ಎಲ್ಲರೂ ಕೇಳಬಹುದಾದ ಭಾಗವಿದೆ, ದೇವರ ಮುಂದೆ ಮಾತ್ರ ಹಾಡುವ ಭಾಗವೂ ಇದೆ. ಯಾವುದು ಹೊರಗೆ ಹೋಗಬೇಕು, ಯಾವುದು ಒಳಗಿರಬೇಕು ಎಂದು ಹೇಳುವ ಹಕ್ಕು ಹಟ್ಟಿಯವರದು. ಈ ಕಾರಣಕ್ಕಾಗಿಯೇ ಮೊದಲ ಪ್ರತಿ ಸೇರಬೇಕಾದುದು ಹಾಡಿದವರ ಮನೆಯನ್ನು. ಅದಾದ ಮೇಲೆ ಗ್ರಂಥಾಲಯ, ಆಮೇಲೆ ನಾವು ನೀವು.

ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಅಟ್ಟದಲ್ಲಿ, ನಿವೃತ್ತರಾದ ತಂದೆಯ ಅಥವಾ ಮಾವನ ಪೆಟ್ಟಿಗೆಯಲ್ಲಿ, ಇಂಥ ಸುರುಳಿಯೋ ಕ್ಯಾಸೆಟ್ಟೋ ಇದ್ದರೆ ದಯವಿಟ್ಟು ಅದನ್ನು ಕೂಡಲೆ ಯಂತ್ರಕ್ಕೆ ಹಾಕಬೇಡಿರಿ, ಕಸದೊಡನೆ ಎಸೆಯಲೂ ಬೇಡಿರಿ. ಬಿಸಿಲೂ ತೇವವೂ ತಾಕದ ಕಡೆ ನೆಟ್ಟಗೆ ನಿಲ್ಲಿಸಿಡಿರಿ. ಮುದ್ರಿಸಿದವರು ಇನ್ನೂ ಇದ್ದರೆ ಇಂದೇ ಅವರ ಪಕ್ಕದಲ್ಲಿ ಕುಳಿತು, ಹಾಡಿದವರು ಯಾರು, ಯಾವ ಹಟ್ಟಿ, ಯಾವ ವರ್ಷ ಎಂದು ಕೇಳಿ ಡಬ್ಬಿಯ ಮೇಲೆ ಬರೆಯಿರಿ. ಟೇಪನ್ನು ಒಣಗಿಸುವ ಜನ ನಾಳೆಯೂ ದೊರೆತಾರು. ಆ ಹೆಸರನ್ನು ಬಲ್ಲವರು ನಾಳೆಗೆ ಇರುವರೆಂಬ ಭರವಸೆಯಿಲ್ಲ.